ಬಿಸಿ ಹಿಡಿಯದ ಇಟ್ಟಂಗಿ

ನೀಲವ್ವ ಕಾಕು ಯಾರನ್ನೇ ನೋಡಲಿ, ಮೊದಲು ಪಾದ ನೋಡುತ್ತಿದ್ದರು. ಮುಖದ ಸರದಿ ಆಮೇಲೆ. ನಮ್ಮ ಚಾಳಿನ ಕೊನೆಯ ಮನೆಯವರು ಮಗನಿಗೆ ಹೆಣ್ಣು ನೋಡಲು ಹಳಿಯಾಳಕ್ಕೆ ಹೊರಟಾಗ, ಹಿರಿಯರೊಬ್ಬರು ಜೊತೆಗಿರಲಿ ಅಂತ ಕಾಕುವನ್ನೂ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಹುಡುಗಿ ತಲೆ ತಗ್ಗಿಸಿಕೊಂಡು ಉಪ್ಪಿಟ್ಟಿನ ತಾಟು ತಂದಳು. ನಾವೆಲ್ಲ ಮೂಗು, ಬಣ್ಣ, ಜಡೆಯ ಉದ್ದ ಅಂತ ಕಣ್ಣಿನಲ್ಲೇ ಅಳೆಯುತ್ತಿದ್ದರೆ ಕಾಕು ಮಾತ್ರ ನೆಲ ನೋಡುತ್ತ ಕೂತಿದ್ದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಯವ್ವಾ ತಂಗಿ, ಎಡಗಾಲಾಗ ಆಣಿ ಐತೇನ ನಿನಗ? ಹೊರಮಗ್ಗಲಿಗೆ ಭಾರ ಹಾಕಿ ನಡೀತಿ ನೋಡು" ಅಂದರು. ಹುಡುಗಿಯ ತಾಯಿಯ ಮುಖ ಕಪ್ಪಿಟ್ಟಿತು. ಗಂಡಿನ ತಾಯಿ ಕಾಕುವಿನ ತೊಡೆ ಚಿವುಟಿದರು. ಹುಡುಗಿ ಮಾತ್ರ ತಲೆ ಎತ್ತಿ, "ಹೌದ್ರಿ, ಸಾಲಿಗೆ ಹೋಗೂ ಮುಂದಿಂದ ಐತ್ರಿ" ಅಂದಳು. ಕಾಕು ಉಪ್ಪಿಟ್ಟು ಪಕ್ಕಕ್ಕಿಟ್ಟು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ನೆನೆಸಿ ಒರಟು ಕಲ್ಲಿನಿಂದ ಹಗುರಕ್ಕೆ ತಿಕ್ಕಬೇಕು, ಬ್ಲೇಡು ಮಾತ್ರ ಮುಟ್ಟಿಸಬಾರದು ಅಂತ ಅಲ್ಲೇ ಪಾಠ ಸುರು ಮಾಡಿದರು. ಆ ಸಂಬಂಧ ಕೂಡಿಬಂತು ಅನ್ನುವುದು ಬೇರೆ ಮಾತು. ಬಸ್ಸಿನಲ್ಲಿ ವಾಪಸ್ ಬರುವಾಗ ಕಾಕು ಹೇಳಿದ್ದು ಇಷ್ಟೇ: "ಹುಡುಗಿ ಸುಳ್ಳ ಹೇಳಲಿಲ್ಲ ನೋಡ್ರಿ. ಕಾಲಿನ ಬ್ಯಾನಿ ಮುಚ್ಚಿಡದಾಕಿ ಮನಿಯಾಗಿಂದೂ ಮುಚ್ಚಿಡೂದಿಲ್ಲ. ಕಣ್ಣ ಮುಚ್ಚಿ ತಗೋರಿ."

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಆಚೆ ಬದಿಗೆ ನಮ್ಮ ಚಾಳು. ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಡುವೆ ಒಂದು ಗೋಡೆ, ಆ ಗೋಡೆಗೂ ಕಿವಿ. ಕಾಕುವಿನ ಮನೆ ನಮ್ಮದಕ್ಕೆ ಹತ್ತಿಕೊಂಡೇ ಇತ್ತು. ನವಲಗುಂದದ ಕಡೆಯ ಕಪ್ಪು ಮಣ್ಣಿನ ಊರಿನಿಂದ ಮದುವೆಯಾಗಿ ಇಲ್ಲಿಗೆ ಬಂದವರು ಅವರು. ಗಂಡ ಕಾರ್ಖಾನೆಯಲ್ಲಿದ್ದರು, ನಾನು ಮದುವೆಯಾಗಿ ಈ ಚಾಳಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡಾಗಿತ್ತು. ಮಕ್ಕಳಿರಲಿಲ್ಲ. ಕಾಕು ರೊಟ್ಟಿ ಬಡಿದು ಜೀವನ ಮಾಡುತ್ತಿದ್ದರು. ಕಾರ್ಖಾನೆಯ ಬೆಳಗಿನ ಪಾಳಿಯ ಭೋಂಗಾ ಕೂಗುವುದಕ್ಕೆ ಮೊದಲೇ ಗೋಡೆಯ ಆಚೆ ಟಪ್ ಟಪ್ ಅಂತ ಸದ್ದು ಸುರುವಾಗುತ್ತಿತ್ತು. ಬಿಸಿಲೇರುವಷ್ಟರಲ್ಲಿ ಬುಟ್ಟಿ ತಲೆಯ ಮೇಲೆ ಏರಿ, ಬಜಾರದ ಖಾನಾವಳಿಗಳಿಗೆ, ಬಸ್ ಸ್ಟ್ಯಾಂಡಿನ ಹೊಟೇಲಿಗೆ, ಒಂಟಿ ಗಂಡಸರ ಖೋಲಿಗಳಿಗೆ ಕಾಕುವೇ ನಡೆದು ರೊಟ್ಟಿ ಮುಟ್ಟಿಸುತ್ತಿದ್ದರು. ಆಟೋ ಹತ್ತಿ ಅಂದರೆ ನಗುತ್ತಿದ್ದರು. "ನನಗ ದುಡದ ಹಾಕೂ ಮಕ್ಕಳು ಇಬ್ಬರ ಅದಾರವಾ. ಎಡಾ ಒಬ್ಬಾಂವ, ಬಲಾ ಒಬ್ಬಾಂವ," ಅಂತ ಮೊಳಕಾಲು ತಟ್ಟಿ ತೋರಿಸುತ್ತಿದ್ದರು. ಆ ಕಾಲುಗಳು ನಿಂತರೆ ಕಾಕುವಿನ ಒಲೆಯೂ ಆರುತ್ತದೆ ಅನ್ನುವುದು ಚಾಳಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮಿಬ್ಬರನ್ನು ಹತ್ತಿರ ಮಾಡಿದ್ದು ನನ್ನ ಹಿಮ್ಮಡಿ. ನಾನು ಬಜಾರದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವವಳು. ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು. ಕೂತರೆ ಮಾಲಕರ ಮುಖ ಬಾಡುತ್ತದೆ. ಅಲ್ಲಿ ನೆಲಕ್ಕೆ ಹಾಸಿದ ಬಿಳಿ ಗಾದಿಯ ಮೇಲೆ ಚಪ್ಪಲಿಯೂ ಹಾಕುವಂತಿಲ್ಲ. ಒಂದು ವರ್ಷ ಹೀಗೆ ನಿಂತ ಮೇಲೆ, ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಸಾಕು, ಹಿಮ್ಮಡಿಯೊಳಗೆ ಮೊಳೆ ಹೊಡೆದಂತೆ ನೋಯತೊಡಗಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದು, ಅಯ್ಯಯ್ಯೋ ಅನ್ನುವುದು. ಅದು ಗೋಡೆಯ ಆಚೆಗೆ ಕೇಳಿತು. ಕಾಕು ಸೆರಗಿನಲ್ಲಿ ಎಕ್ಕದ ಎಲೆ, ಕೈಯಲ್ಲಿ ಒಂದು ಕೆಂಪು ಇಟ್ಟಂಗಿ ಹಿಡಿದು ಬಂದೇ ಬಿಟ್ಟರು.

"ಕುಂಡ್ರು ಇಲ್ಲೆ. ಏನ ಮಾರಿ ಮಾಡೀ, ಹಡಿಯಾಕ ಕುಂತಾಕಿ ಗತೆ."

ಇಟ್ಟಂಗಿಯನ್ನು ಒಲೆಯ ಮೇಲೆ ಕಾಯಿಸಿ, ಕೆಳಗಿಳಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಎಲೆಯ ಮೇಲೆ ಹಿಮ್ಮಡಿ ಊರಬೇಕು. ಎಲೆ ಚುಂಯ್ ಅನ್ನುತ್ತದೆ. ಊರುವುದು, ತಾಳಲಾರದೆ ಎತ್ತುವುದು, ಮತ್ತೆ ಊರುವುದು. ಎಷ್ಟು ಬಿಸಿ ಇರಬೇಕು ಕಾಕು ಅಂತ ಕೇಳಿದೆ. "ಅದನ್ನ ಇಟ್ಟಂಗಿ ಕೇಳಬ್ಯಾಡ, ನನ್ನೂ ಕೇಳಬ್ಯಾಡ. ನಿನ್ನ ಹಿಮ್ಮಡ ಕೇಳು. ಅದು ಸಾಕು ಅಂದ್ರ ಸಾಕು" ಅಂದರು. ನನ್ನ ಹಿಮ್ಮಡಿ ಬೇಗ ಬೇಗ ಸಾಕು ಅನ್ನುತ್ತಿತ್ತು, ಕಾಕು ನಗುತ್ತಿದ್ದರು. ನೋವು ಇಳಿಯಿತು ಅನ್ನಿ. ಇಟ್ಟಂಗಿಯಿಂದಲೋ, ಅವರು ಹೇಳಿ ಕೊಡಿಸಿದ ಮೆತ್ತನೆ ಹಿಮ್ಮಡಿಯ ಚಪ್ಪಲಿಯಿಂದಲೋ, ಕಾಕುವಿನ ಬಾಯಿಯಿಂದಲೋ, ನನಗೆ ಗೊತ್ತಿಲ್ಲ. ನಮ್ಮ ಚಾಳಿನಲ್ಲಿ ಆ ಇಟ್ಟಂಗಿಯ ಮೇಲೆ ಕಾಲಿಡದ ಹೆಂಗಸರೇ ಇರಲಿಲ್ಲ. ಒಡೆದ ಹಿಮ್ಮಡಿಗೆ ಮೇಣ ಕರಗಿಸಿದ ಕೊಬ್ಬರಿ ಎಣ್ಣೆಯ ಡಬ್ಬಿ ಬೇರೆ ಇಟ್ಟಿದ್ದರು. ಅದಂತೂ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತಿತ್ತು.

ಚಪ್ಪಲಿ ಕೊಳ್ಳುವುದರಲ್ಲೂ ಅವರದೇ ಕಾನೂನು. ಬೆಳಿಗ್ಗೆ ಹೋಗಬಾರದು, ಸಂಜೆ ಹೋಗಬೇಕು. "ಸಂಜೀ ಮುಂದ ಪಾದ ಊದಿರ್ತಾವ. ಖರೇ ಅಳತಿ ಆವಾಗ ಸಿಗತೈತಿ. ಮುಂಜಾನೆ ತಂದ ಚಪ್ಪಲ್ ಸಂಜೀಕ ಕಚ್ಚತೈತಿ, ಹೊಸಾ ಅಳಿಯಾ ಕಚ್ಚಿದಂಗ." ಯಾರಾದರೂ ಹುಬ್ಬಳ್ಳಿಗೆ ಹೊರಟರೆ ಸಾಕು, ಗಂಡನ ಕಾಲದ ರದ್ದಿ ಕಾಗದದ ಹಾಳೆ ನೆಲಕ್ಕೆ ಹಾಸಿ, ಪಾದ ಊರಿಸಿ, ಸುತ್ತ ಪೆನ್ಸಿಲ್ ಎಳೆದು, ಕತ್ತರಿಸಿ ಕೊಡುತ್ತಿದ್ದರು. ಅಂಗಡಿಯಲ್ಲಿ ಆ ಹಾಳೆ ಚಪ್ಪಲಿಯೊಳಗೆ ಮಡಚದೆ ಕೂಡಬೇಕು. ಮಡಚಿದರೆ ಬೇಡ ಅಂತ ಬರಬೇಕು. ಅಂಗಡಿಯವರು ನಗುತ್ತಿದ್ದರು, ನಾವೂ ನಾಚುತ್ತಿದ್ದೆವು, ಹಾಳೆ ಮಾತ್ರ ಒಯ್ಯುತ್ತಿದ್ದೆವು.

ಒಮ್ಮೆ ನಾವಿಬ್ಬರೂ ಮೌಳಂಗಿಗೆ ಹೋಗಿ ಹೊಳೆಯ ದಂಡೆಯಲ್ಲಿ ಕೂತಿದ್ದೆವು. ದೋಣಿ ಹತ್ತಲು ಬಂದ ಪ್ರವಾಸಿ ಹುಡುಗಿಯೊಬ್ಬಳು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕಲ್ಲಿನಿಂದ ಕಲ್ಲಿಗೆ ತೂರಾಡುತ್ತಿದ್ದಳು. ಕಾಕುವಿಗೆ ತಡೆಯಲಾಗಲಿಲ್ಲ. "ಏ ಬಾಳಾ, ಕಾಲು ಏನ ತಪ್ಪ ಮಾಡ್ಯಾವ ನಿಂದು? ಬಿಚ್ಚಿ ಕೈಯಾಗ ಹಿಡಕೋ!" ಅಂತ ಕೂಗಿದರು. ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ ಅಂತ ಕಾಣುತ್ತದೆ, ಕೈ ಬೀಸಿ ನಕ್ಕಳು. ಜೋಯಿಡಾ ಕಡೆಯಿಂದ ಗೆಡ್ಡೆ ಗೆಣಸು ಮಾರಲು ಬರುವ ಹೆಂಗಸರ ಬರಿಗಾಲು ಕಂಡರೆ ಮಾತ್ರ ಕಾಕುವಿಗೆ ಭಕ್ತಿ. ಅಗಲವಾಗಿ ಬಿಚ್ಚಿಕೊಂಡ ಬೆರಳುಗಳನ್ನು ತೋರಿಸಿ, "ಇವು ನೋಡು ಪಾದ ಅಂದ್ರ. ನಮ್ಮವು ಚಪ್ಪಲ್ನ್ಯಾಗ ಕೊಳತಾವ" ಅನ್ನುತ್ತಿದ್ದರು.

ಇಷ್ಟೆಲ್ಲ ಹೇಳುವ ಕಾಕುವಿನ ಸ್ವಂತ ಚಪ್ಪಲಿ ನೋಡಬೇಕಿತ್ತು. ಒಂದು ಜೊತೆ ಹವಾಯಿ, ಹಿಮ್ಮಡಿಯ ಕಡೆ ಕಾಗದದಷ್ಟು ತೆಳ್ಳಗೆ ಸವೆದದ್ದು, ಕಿತ್ತ ಪಟ್ಟಿಗೆ ಸೇಫ್ಟಿ ಪಿನ್ನು. ಊರ ಕಾಲೆಲ್ಲ ನೋಡಿದವರು ತಮ್ಮ ಕಾಲು ನೋಡಿಕೊಳ್ಳಲಿಲ್ಲ. ಕೇಳಿದರೆ, "ದುಡಿಯೂ ಮಕ್ಕಳನ್ನ ಭಾಳ ಮುದ್ದ ಮಾಡಬಾರದು" ಅಂತ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಒಂದು ಬೇಸಿಗೆ ನಾನು ಮದುವೆಗೆ ಹುಬ್ಬಳ್ಳಿಗೆ ಹೊರಟಿದ್ದೆ. ಈ ಸಲ ನಿಮಗೂ ಒಂದು ಚಲೋ ಚಪ್ಪಲಿ ತರುತ್ತೇನೆ, ಕಾಲು ಊರಿ ಅಂತ ಹಟ ಹಿಡಿದೆ. ಕಾಕು ಬೈಯುತ್ತಲೇ ಹಾಳೆಯ ಮೇಲೆ ಎಡಗಾಲು ಇಟ್ಟರು, ಕಿಟಕಿಯ ಕಡೆ ಮುಖ ಮಾಡಿ ಯಾವುದೋ ಖಾನಾವಳಿಯವನ ಜಿಪುಣತನದ ಕತೆ ಹೇಳತೊಡಗಿದರು. ನಾನು ಪೆನ್ಸಿಲ್ ಸುತ್ತಿಸಿದೆ. ಬೆರಳುಗಳ ಸಂದಿಯಲ್ಲಿ, ಅಂಗಾಲು ಒಳಗೆ ಬಾಗಿದಲ್ಲಿ, ಹಿಮ್ಮಡಿಯ ಹಿಂದೆ, ಎಲ್ಲ ಕಡೆ ಎಳೆದು ಮುಗಿಸಿ ಪೆನ್ಸಿಲ್ ಕೆಳಗಿಟ್ಟೆ. ಕಾಕು ಕತೆ ನಿಲ್ಲಿಸಿ, "ಸುಜಾತಾ, ಲಗೂನ ಸುರು ಮಾಡವಾ, ಹಿಟ್ಟ ಆರತೈತಿ" ಅಂದರು.

"ಮುಗೀತಲ್ರಿ ಕಾಕು."

ಅವರು ಬಗ್ಗಿ ನೋಡಿದರು. ಹಾಳೆಯ ಮೇಲೆ ಪೂರ್ತಿ ಪಾದ ಮೂಡಿತ್ತು. ಅಂಗಾಲಿಗೆ ಬೆರಳು ತಾಗಿದರೆ ಹುಡುಗಿಯಂತೆ ಕುಣಿಯುತ್ತಿದ್ದ ಹೆಂಗಸು! ನನಗೆ ಏನೋ ಹೊಳೆದಂತಾಯಿತು, ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಹೆಬ್ಬೆರಳ ಬುಡದಲ್ಲಿ ಸೇಫ್ಟಿ ಪಿನ್ನಿನ ಮೊನೆ ಒಳಗೇ ಮುರಿದು ಕೂತಿತ್ತು, ಸುತ್ತ ರಕ್ತ ಒಣಗಿ ಕಪ್ಪಾಗಿತ್ತು. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಕಾಕು ಮಾತ್ರ ಖುಷಿಯಾದರು: "ಅಯ್ಯ! ಮೊನ್ನೆಯಿಂದ ಹುಡುಕಾಕತ್ತೇನಿ ಆ ಪಿನ್ನ. ಇಲ್ಲೈತಿ ನೋಡು."

ಧಾರವಾಡದ ದವಾಖಾನೆಗೆ ಕರೆದುಕೊಂಡು ಹೋದೆ. ರಕ್ತ ತಪಾಸಣೆ ಮಾಡಿ ಸಕ್ಕರೆ ಬ್ಯಾನಿ ಅಂದರು. ಎಷ್ಟೋ ವರ್ಷದಿಂದ ಇರಬೇಕು, ಕಾಲಿನ ನರಗಳೆಲ್ಲ ಸತ್ತುಹೋಗುತ್ತಿವೆ ಅಂದರು. ತಪಾಸಣೆ ಮಾಡಿದ ಹೆಂಗಸು, ಡಾಕ್ಟರ್ ಬಾಯಿ, ನಮ್ಮ ಕಡೆಯವರೇ, ಸಣ್ಣ ವಯಸ್ಸು, ತಾಳ್ಮೆ ಇತ್ತು. "ಅಜ್ಜೀ, ಇನ್ನ ಮ್ಯಾಲ ಮನಿಯಾಗ ಸುದ್ದಾ ಬರಿಗಾಲಲೆ ಅಡ್ಡಾಡಬ್ಯಾಡ್ರಿ. ಮೆತ್ತನ್ನ ಚಪ್ಪಲ್ ಹಾಕ್ಕೋರಿ, ಎದ್ದಲ್ಲಿಂದ ಮಲಗೂಮಟಾ. ದಿನಾ ಅಂಗಾಲ ಕೆಳಗ ಕನ್ನಡಿ ಹಿಡದು ನೋಡಿಕೋರಿ. ಬೆರಳ ಸಂದಿ ಒಣಗಿಸಿ ಇಡ್ರಿ. ಬಿಸಿನೀರಾಗ, ಬೆಂಕಿ ಸಮೀಪ ಕಾಲು ಒಯ್ಯಬ್ಯಾಡ್ರಿ. ನಿಮಗ ನೋವು ಗೊತ್ತಾಗೂದಿಲ್ಲ, ಅದ ದೊಡ್ಡ ಧೋಕಾ" ಅಂದರು. ಕಾಕು ಎಲ್ಲದಕ್ಕೂ ಹೂಂ ಅಂದರು. ಹೂಂ ಅನ್ನುವುದಕ್ಕೆ ಅವರಿಗೆ ಎಂದೂ ಬೇಸರವಿರಲಿಲ್ಲ. ಹೊರಗೆ ಬಂದ ಮೇಲೆ ಅವರ ತಕರಾರು ಒಂದೇ: "ಅಜ್ಜಿ ಅಂದ್ಲಲ್ಲ ನನಗ!"

ದವಾಖಾನೆಯ ಹತ್ತಿರದ ಅಂಗಡಿಯಲ್ಲಿ ಸಕ್ಕರೆ ಬ್ಯಾನಿಯವರ ಮೆತ್ತನೆ ರಬ್ಬರಿನ ಚಪ್ಪಲಿ ಸಿಗುತ್ತವೆ. ಒಳಗೆ ಹೋಗಿ ತಿರುಗಿ ನೋಡಿದರೆ ಕಾಕು ಬರಿಗಾಲಲ್ಲಿ ನಿಂತಿದ್ದಾರೆ. ಹವಾಯಿಯನ್ನು ಅಂಗಡಿಯ ಮೆಟ್ಟಿಲ ಕೆಳಗೆ ಬಿಟ್ಟು ಬಂದಿದ್ದರು. "ಕಾಕು, ಇದು ಚಪ್ಪಲಿ ಅಂಗಡಿರೀ!" ಅಂದೆ. "ಇದ್ರೇನಾತು? ಒಬ್ಬರ ಹೊಸ್ತಿಲಾ ಹೌದಿಲ್ಲೊ?" ಅಂದರು. ಅಂಗಡಿಯವನು ಎದ್ದು ನಿಂತು ಕೈ ಮುಗಿದ. ನಾನು ನಗುತ್ತ ನಿಂತೆ. ಅಲ್ಲೇ ನನಗೆ ತಿಳಿಯಬೇಕಿತ್ತು, ಮುಂದಿನ ಗಂಟು ಎಲ್ಲಿದೆ ಅಂತ.

ದೇವರು ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಕಾಕುವಿನ ಮನೆ ಅಂದರೆ ಒಂದೇ ಖೋಲಿ. ಬಾಗಿಲ ಎದುರಿಗೇ ಒಲೆ, ಒಲೆಯ ಪಕ್ಕದ ಗೂಡಿನಲ್ಲಿ ದೇವರ ಜಗಲಿ, ಇತ್ತ ಹಾಸಿಗೆ. ದೊಡ್ಡ ಮನೆಯಾಗಿದ್ದರೆ ಇಲ್ಲಿವರೆಗೆ ಚಪ್ಪಲಿ, ಇಲ್ಲಿಂದ ಒಳಗೆ ಬೇಡ ಅಂತ ಒಂದು ಗೆರೆ ಎಳೆಯಬಹುದಿತ್ತು. ಇಲ್ಲಿ ಹೊಸ್ತಿಲು ದಾಟಿದರೆ ಅಡಿಗೆಮನೆಯೂ ಹೌದು, ದೇವರಮನೆಯೂ ಹೌದು. ಹೊಸ ಚಪ್ಪಲಿ ಹೊಸ್ತಿಲ ಹೊರಗೆ ನಿಂತವು. ಕಾಕು ಒಳಗೆ ಬರಿಗಾಲಲ್ಲಿ.

"ಇವು ಹೊರಗ ಹೋಗೂ ಚಪ್ಪಲ್ ಅಲ್ರಿ. ಮನಿಯಾಗಿಂದಽ. ಒಂದೀಟೂ ಧೂಳ ಹತ್ತಿಲ್ಲ ನೋಡ್ರಿ" ಅಂತ ನಾನು.

"ತೊಳದ್ರ ಕಸಬರಿಗಿ ದೇವರಾಗತೈತೇನ? ಚಪ್ಪಲ್ ಚಪ್ಪಲ್ಲಽ."

"ಡಾಕ್ಟರ್ ಏನ ಹೇಳಿದ್ರು?"

"ಡಾಕ್ಟರ್ ಬಾಯಿ ನನ್ನ ಒಲಿ ನೋಡ್ಯಾಳೇನ?"

ಕೊನೆಗೆ ನಾನು ಮಠದ ಅಯ್ಯನವರನ್ನೇ ಮನೆಗೆ ಕರೆತಂದೆ. ಅವರು ಕೂತು, ಹಾಲು ಕುಡಿದು, "ದೇಹ ಉಳಿದ್ರ ದೇವರು. ಬ್ಯಾನಿಗೆ ಹಾಕ್ಕೊಂಡ್ರ ದೋಷ ಇಲ್ಲವಾ, ಹಾಕ್ಕೋರಿ" ಅಂದರು. ಕಾಕು ಅವರ ಪಾದಕ್ಕೆ ನಮಸ್ಕಾರ ಮಾಡಿದರು, ಹಾಗೇ ಅವರ ಕಿರುಬೆರಳಿನ ಉಗುರು ಒಳಗೆ ಬೆಳೆದದ್ದನ್ನೂ ನೋಡಿ ಔಷಧ ಹೇಳಿದರು. ಅವರು ಹೋದ ಮೇಲೆ ನನಗೆ, "ಅಯ್ಯನೋರಿಗೆ ದೋಷ ಇಲ್ಲ, ಖರೆ. ಹಿಟ್ಟ ಹಚಿಗೊಂಡು ಚಪ್ಪಲ್ ಮ್ಯಾಲ ನಿಂತ್ರ ನನಗ ಅನ್ನ ಇಳಿಯೂದಿಲ್ಲಲ್ಲ, ಅದಕ್ಕೇನ ಮಾಡ್ಲಿ?" ಅಂದರು.   ನನ್ನ ಕಾಲಿಗೇ ಆ ಬ್ಯಾನಿ ಬಂದರೆ, ನನ್ನ ಒಲೆಯ ಮುಂದೆ ನಾನು ಚಪ್ಪಲಿ ಹಾಕಿಕೊಂಡು ನಿಲ್ಲುತ್ತೇನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಆದರೆ ಕಾಕು ಹಟಮಾರಿ ಅಷ್ಟೇ ಅಲ್ಲ, ಹಿಕಮತ್ತಿನವರು. ಹಳೆಯ ಕೌದಿಯೊಂದನ್ನು ಕತ್ತರಿಸಿ, ನಾಲ್ಕು ಪದರ ಮಾಡಿ, ಪಾದದ ಅಳತೆಗೆ ಹೊಲಿದು ಬಟ್ಟೆಯ ಪಾದರಕ್ಷೆ ಮಾಡಿಕೊಂಡರು. ಕೆಂಪು, ಹಳದಿ, ಹಸಿರು ತುಂಡುಗಳ, ಸುತ್ತ ಬಿಳಿ ದಾರದ ಹೊಲಿಗೆಯ ಚೆಂದದ ಜೋಡಿ. ಬಟ್ಟೆ ಮೈಲಿಗೆಯಲ್ಲ. ಹಾಕಿಕೊಂಡು ಖೋಲಿಯಲ್ಲಿ ಮದುಮಗಳಂತೆ ತಿರುಗಿ ತೋರಿಸಿದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಅಂಗಡಿಯಲ್ಲಿ ಎಲ್ಲರಿಗೂ ಆ ಸುದ್ದಿ ಹೇಳಿದೆ. ಚಾಳಿನ ಮುದುಕಿಯರೆಲ್ಲ ತಮಗೂ ಒಂದೊಂದು ಜೋಡಿ ಬೇಕು ಅಂತ ಬಂದು ಕೂತರು.

ಮಳೆಗಾಲ ಬಂತು. ದಾಂಡೇಲಿಯ ಮಳೆ ಬಂದರೆ ಬಟ್ಟೆ ಒಣಗುವ ಮಾತೇ ಇಲ್ಲ. ಬಚ್ಚಲು, ಒಲೆ, ಅಂಗಳ ಅಂತ ತಿರುಗುವ ಹೆಂಗಸಿನ ಕಾಲಲ್ಲಿ ಕೌದಿಯ ಜೋಡು ಸದಾ ಹಸಿ. ಬೆರಳ ಸಂದಿ ಬೆಳ್ಳಗೆ ಕೊಳೆಯತೊಡಗಿತು. ಧಾರವಾಡಕ್ಕೆ ಒಯ್ದರೆ ಡಾಕ್ಟರ್ ಬಾಯಿ ಕೌದಿಯ ಜೋಡು ನೋಡಿ ಮೊದಲು ನಕ್ಕರು, ಆಮೇಲೆ ಸಂದಿ ನೋಡಿ ಬೈದರು. ಮುಲಾಮು ಕೊಟ್ಟು, ಹಸಿ ಬಟ್ಟೆ ಕಾಲಿಗೆ ಹತ್ತಿಸಬೇಡಿ, ಆ ರಬ್ಬರಿನದನ್ನೇ ಹಾಕಿ ಅಂದರು. ಕಾಕು ಹೂಂ ಅಂದರು. ಮನೆಗೆ ಬಂದು ಕೌದಿಯ ಜೋಡು ಬಿಚ್ಚಿಟ್ಟರು, ರಬ್ಬರಿನದು ಹೊಸ್ತಿಲ ಹೊರಗೇ ಇತ್ತು. ನಾವು ಸುತ್ತಿ ಸುತ್ತಿ ಮತ್ತೆ ಬರಿಗಾಲಿಗೇ ಬಂದು ನಿಂತೆವು. ನನಗೆ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟೆ. ಅವರು ಗೋಡೆಯ ಆಚೆಯಿಂದ, "ಮಾತ ಬಿಟ್ರ ಬಿಡು, ರೊಟ್ಟಿ ಬಿಡಬ್ಯಾಡ, ಒಯ್ಯಿ ಬಾ" ಅಂತ ಕೂಗುತ್ತಿದ್ದರು.

ಶ್ರಾವಣದ ಒಂದು ಮಧ್ಯಾಹ್ನ. ಅಂಗಡಿಗೆ ರಜೆ. ಊಟ ಮಾಡಿ ಅಡ್ಡಾಗಿದ್ದೆ, ಗೋಡೆಯ ಆಚೆಯಿಂದ ಎಲೆ ಸುಟ್ಟ ವಾಸನೆ ಬಂತು. ಯಾರಿಗೋ ಹಿಮ್ಮಡಿ ನೋವು, ಇಟ್ಟಂಗಿ ಕಾಯುತ್ತಿದೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಬೇರೆಯಾಯಿತು. ಎಲೆಯ ವಾಸನೆಯಲ್ಲ ಅದು. ಎದ್ದು ಓಡಿದೆ.

ಕಾಕು ಒಬ್ಬರೇ ಮಣೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಬೆಳ್ಳುಳ್ಳಿ, ಬಿಡಿಸುತ್ತಿದ್ದರು. ಎಡಗಾಲು ಇಟ್ಟಂಗಿಯ ಮೇಲಿತ್ತು. ಕಾಲ ಕೆಳಗಿನ ಎಲೆ ಕರಕಲಾಗಿತ್ತು. ನನ್ನನ್ನು ನೋಡಿ ಬೇಸರದಿಂದ, "ಬಾ, ಬಾ. ಕಾಲು ಹೆಪ್ಪಗಟ್ಟಿದಂಗ ಆಗ್ಯಾವ, ಜೋಮು ಬಿಡವಲ್ದು. ಬಿಸಿ ತಗಲಿದ್ರ ಜೀವ ಬರತೈತಿ ಅಂತ ಕುಂತೇನಿ. ಈಗಿನ ಇಟ್ಟಂಗಿ ಏನ ಇಟ್ಟಂಗಿ ತಂಗಿ, ಬಿಸೀನ ಹಿಡಿಯೂದಿಲ್ಲ. ಮೂರನೇ ಸಲ ಕಾಸಿದೆ" ಅಂದರು.

ನಾನು ಕಿರುಚಿದೆ. ಅವರ ಕಾಲು ಹಿಡಿದು ಎತ್ತಿದೆ. ಹಿಮ್ಮಡಿಯ ಚರ್ಮ ಇಟ್ಟಂಗಿಗೆ ಅಂಟಿಕೊಂಡು ಉಳಿಯಿತು. ಕಾಕು ನನ್ನ ಮುಖವನ್ನು ನೋಡಿದರು, ನಾನು ಯಾಕೆ ಹೀಗೆ ಅಳುತ್ತೇನೆ ಅಂತ ಅರ್ಥವಾಗದೆ. ಆಮೇಲೆ ಬಗ್ಗಿ ತಮ್ಮ ಕಾಲು ನೋಡಿಕೊಂಡರು. "ಹೌದೇನ?" ಅಂದರು, ಬೇರೆ ಯಾರದೋ ಸುದ್ದಿ ಕೇಳಿದವರ ಹಾಗೆ. ಹಿಮ್ಮಡ ಸಾಕು ಅಂದರೆ ಸಾಕು ಅಂತ ನಮಗೆಲ್ಲ ಹೇಳಿದವರು ಅವರೇ. ಅವರ ಹಿಮ್ಮಡಿ ಸಾಕು ಅನ್ನಲಿಲ್ಲ. ಬೆಂಕಿಯ ಹತ್ತಿರ ಒಯ್ಯಬೇಡಿ ಅಂದಿದ್ದರಲ್ಲರೀ ಅಂತ ನಾನು ಆಟೋದಲ್ಲಿ ಅಳುತ್ತ ಕೇಳಿದರೆ, "ಬೆಂಕಿ ಅಲ್ಲ ತಂಗಿ ಅದು, ಔಷಧ" ಅಂದರು. ಅವರು ವಾದಕ್ಕೆ ಅನ್ನಲಿಲ್ಲ, ನಂಬಿಕೊಂಡೇ ಅಂದರು.

ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಏನೂ ಉಳಿಯಲಿಲ್ಲ. ದಿನವೂ ಗಾಯ ತೊಳೆದದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು, ಸೂಜಿ, ಗುಳಿಗೆ, ಪಥ್ಯ ಎಲ್ಲ ಆಯಿತು. ಚಾಳಿನ ಹೆಂಗಸರು ಪಾಳಿ ಹಾಕಿಕೊಂಡು ರೊಟ್ಟಿ ಬಡಿದು ಅವರ ಖಾನಾವಳಿಗಳನ್ನು ಉಳಿಸಿಕೊಟ್ಟರು. ಗಾಯ ಮಾತ್ರ ತನ್ನ ಪಾಡಿಗೆ ಕಪ್ಪಾಗುತ್ತ ಮೇಲೇರಿತು. ಸುಡುವುದಕ್ಕೆ ಒಂದು ಗಳಿಗೆ ಸಾಕಾಗಿತ್ತು, ಮಾಯುವುದಕ್ಕೆ ಎಷ್ಟು ದಿನ ಕೊಟ್ಟರೂ ಸಾಲಲಿಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಸೇರಿಸಿದೆವು. ಅಲ್ಲಿಯ ಡಾಕ್ಟರು ಮೊಳಕಾಲಿನ ಕೆಳಗೆ ತೆಗೆಯಬೇಕು ಅಂದಾಗ ಕಾಕು ಅವರ ಕೈ ಹಿಡಿದುಕೊಂಡರು.

"ಬೆರಳ ಎಲ್ಲಾ ತಗೋರಿ ಸಾಹೇಬ್ರ, ನಾ ಬ್ಯಾಡ ಅನ್ನೂದಿಲ್ಲ. ಹಿಮ್ಮಡ ಒಂದ ಬಿಡ್ರಿ. ಬುಟ್ಟಿ ಹೊತ್ತ ನಡಿಯಾಕ ಹಿಮ್ಮಡ ಬೇಕ್ರಿ. ನನಗ ದುಡದ ಹಾಕೂರು ಯಾರೂ ಇಲ್ರಿ."

"ಹಿಮ್ಮಡದಾಗಽ ಐತಿ ಅಮ್ಮಾ ವಿಷ," ಅಂದರು ಅವರು. ಒಳ್ಳೆಯ ಮನುಷ್ಯ, ಕೈ ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದರು. ಕಾಕು ನನ್ನ ಕಡೆ ತಿರುಗಿದರು. ಊರಿನ ಎಲ್ಲ ಪಾದಕ್ಕೂ ಒಂದೊಂದು ಔಷಧ ಗೊತ್ತಿದ್ದವರು, ನಿನಗೇನಾದರೂ ಗೊತ್ತೈತೇನು ಅಂತ ನನ್ನನ್ನು ಕೇಳುವ ಹಾಗೆ ನೋಡಿದರು. ನಾನು ಮುಖ ತಿರುಗಿಸಿದೆ. ಏನು ಮಾಡಲಿ? ಸೀರೆ ಮಡಚುವುದು ಬಿಟ್ಟು ನನಗೆ ಏನು ಬರುತ್ತದೆ?

ಕಾಲು ತೆಗೆದರು. ಖಾಲಿ ಖೋಲಿಗೆ ಒಬ್ಬರೇ ಹೇಗೆ ವಾಪಸ್ ಬರುತ್ತಾರೆ? ಸನವಳ್ಳಿಯಲ್ಲಿದ್ದ ತಂಗಿ ಶಾಂತವ್ವ ಬಂದು ಕರೆದುಕೊಂಡು ಹೋದರು. ನಾನೂ ಖೋಲಿ ಖಾಲಿ ಮಾಡಿಕೊಡಲು ನಿಂತೆ. ಹಂಚು, ಹಿಟ್ಟು ನಾದುವ ಕೊಣಮಿಗಿ, ಬುಟ್ಟಿ ಎಲ್ಲ ಕಟ್ಟಿ ಟೆಂಪೋಕ್ಕೆ ಹಾಕಿದೆವು. ಮರುದಿನ ಬೆಳಿಗ್ಗೆ ಭೋಂಗಾ ಕೂಗಿತು. ಗೋಡೆಯ ಆಚೆ ಏನೂ ಕೇಳಲಿಲ್ಲ. ನನ್ನ ಗಂಡ ಸುಮ್ಮನೆ ಎದ್ದು ಕೂತು, "ಇವತ್ತ ಮುಂಜಾನೆ ಆಗವಲ್ದು ಅನಸ್ತೈತಿ" ಅಂದರು.

ದೀಪಾವಳಿ ಮುಗಿದ ವಾರ ನಾನು ನೋಡಲು ಹೋದೆ. ಅದೇ ಕೊನೆಯ ಭೇಟಿ. ಸಂಕ್ರಾಂತಿಗೆ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ಆಗ ಅದೆಲ್ಲ ಗೊತ್ತಿರಲಿಲ್ಲ, ಒಂದು ಚೀಲ ಸಾಮಾನು ಹಿಡಿದು, ಯಲ್ಲಾಪುರದ ಮೇಲೆ ಮುಂಡಗೋಡಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ಸನವಳ್ಳಿಗೆ ಹೋಗಿ ಇಳಿದೆ. ಗದ್ದೆಯಲ್ಲಿ ಕೊಯ್ಲು ನಡೆದಿತ್ತು. ಶಾಂತವ್ವ ಅಂಗಳದಲ್ಲೇ ನನ್ನನ್ನು ತಡೆದು ದನಿ ಇಳಿಸಿ ಹೇಳಿದರು: "ತಂಗಿ, ಅಕ್ಕಗ ಯಾಕೋ ತಲಿ ಸರಿ ಇಲ್ಲ. ಹಗಲೆಲ್ಲಾ ಕಾಲು ಕಾಲು ಅಂತ ಒದರ್ತಾಳ. ಯಾ ಕಾಲು ಅಂದ್ರ ಇಲ್ಲದ್ದನ್ನ ತೋರಸ್ತಾಳ. ನಾನೂ ಹೇಳಿ ಹೇಳಿ ಸಾಕಾಗೇನಿ, ಅಕ್ಕಾ, ಅದು ಇಲ್ಲವಾ, ಹೋತದು ಅಂತ."

ಪಡಸಾಲೆಯ ಮಂಚದ ಮೇಲೆ ಕಾಕು ದಿಂಬಿಗೆ ಒರಗಿದ್ದರು. ಅರ್ಧ ಆಗಿದ್ದರು. ನನ್ನ ಪಾದ ನೋಡಲಿಲ್ಲ, ಮುಖ ನೋಡಿದರು.

"ಶಾಂತಿ ಏನ ಹೇಳಿದ್ಲು ಹೊರಗ? ನನಗ ಹುಚ್ಚ ಹಿಡದೈತಿ ಅಂದ್ಲೇನ?"

"ಇಲ್ರಿ ಕಾಕು."

"ಸುಳ್ಳ ಹೇಳಬ್ಯಾಡ. ಕುಂಡ್ರು ಇಲ್ಲೆ." ನನ್ನ ಕೈ ಎಳೆದು ಮಂಚದ ಮೇಲೆ ಕೂರಿಸಿಕೊಂಡರು. "ಕಾಲು ಇಲ್ಲ ಅನ್ನೂದು ನನಗ ಗೊತ್ತಿಲ್ಲೇನ? ಕಣ್ಣ ಅದಾವಲ್ಲ. ಆದ್ರ ಸುಜಾತಾ, ಹಿಮ್ಮಡ ಉರೀತೈತಿ. ಎಡಗಾಲ ಹಿಮ್ಮಡ. ನಿಗಿ ನಿಗಿ ಕೆಂಡದ ಮ್ಯಾಲ ಇಟ್ಟಂಗ. ಅವತ್ತ ಎಷ್ಟ ಕಾಸಿದ್ರೂ ಒಂದೀಟೂ ಗೊತ್ತಾಗಲಿಲ್ಲಲ್ಲ, ಆ ಉರಿ ಎಲ್ಲಿ ಕುಂತಿತ್ತೋ ಏನೋ, ಈಗ ಬಂದೈತಿ. ಕಾಲು ಹೋದ ಮ್ಯಾಲ ಬಂದೈತಿ ನೋಡವಾ. ನಾ ಯಾರಿಗೆ ತೋರಸ್ಲಿ? ಎಲ್ಲಿ ಔಷಧ ಹಚ್ಚಲಿ?"

ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಾಕು ಅತ್ತದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಎಂಥಾ ನ್ಯಾಯ ಇದು ಅಂತ ಕೂಗಬೇಕು ಅನ್ನಿಸಿತು, ಯಾರ ಮೇಲೆ ಕೂಗುವುದು ತಿಳಿಯಲಿಲ್ಲ.

"ಒಂದೀಟ ಗಾಳಿ ಹಾಕವಾ," ಅಂದರು. "ಇವರು ಯಾರೂ ಹಾಕೂದಿಲ್ಲ, ನಗತಾರ."

ಗೂಟಕ್ಕೆ ಸಿಕ್ಕಿಸಿದ್ದ ಬೀಸಣಿಕೆ ತೆಗೆದುಕೊಂಡೆ. ಎಲ್ಲಿ ಬೀಸಬೇಕು ಗೊತ್ತಾಗದೆ ಕಟ್ಟು ಹಾಕಿದ ಮೊಳಕಾಲಿನ ಹತ್ತಿರ ಬೀಸಿದೆ. ಕಾಕು ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದರು.

"ಅಲ್ಲಲ್ಲ. ಇನ್ನೊಂದೀಟ ಕೆಳಗ."

ಮೊಳಕಾಲು ದಾಟಿದ ಮೇಲೆ ಅಲ್ಲಿ ಬರೀ ಹಾಸಿಗೆ ಇತ್ತು. ನಾನು ಬೀಸಣಿಕೆಯನ್ನು ಕೆಳಗೆ ಸರಿಸಿದೆ.

"ಹಾಂ," ಅಂದರು ಕಾಕು. "ಅಲ್ಲೆ."